ನಗುವ ಇಡ್ಲಿಯನ್ನು ಯಾರೂ ಕದಿಯಲಿಲ್ಲ

ನಿನ್ನ ಇಡ್ಲಿಯನ್ನು ಯಾರೂ ಕದಿಯಲಿಲ್ಲ, ಇಂಚರಾ. ನಾನು ಹೇಳಿದ್ದು ಸುಳ್ಳು. ಒಬ್ಬ ಹುಡುಗಿ ಅದನ್ನು ನನ್ನ ಕೈಗೇ ಕೊಡಲು ಬಂದಿದ್ದಳು — ನಾನೇ ಬೇಡವೆಂದೆ.

ಆಗ ನೀನು ಮೂರನೇ ತರಗತಿ. ಬಿಳಿ ಫೆಲ್ಟ್ ಬಟ್ಟೆಯಲ್ಲಿ ನೀನೇ ಪುಟ್ಟ ಇಡ್ಲಿ ಹೊಲಿದು, ಕಪ್ಪು ದಾರದ ಕಣ್ಣು, ಸೊಟ್ಟ ನಗು ಮೂಡಿಸಿ, ಕೆಳಗೊಂದು ಗೆಜ್ಜೆ ಕಟ್ಟಿ ನನ್ನ ಫೋನಿಗೆ ನೇತುಹಾಕಿದ್ದೆ. ಇಲ್ಲಿ ಜಪಾನಿನಲ್ಲಿ ಎಲ್ಲರ ಫೋನಿನಲ್ಲೂ ಏನಾದರೊಂದು ತೂಗುತ್ತದೆ, ಬೆಕ್ಕೋ ಸ್ಟ್ರಾಬೆರಿಯೋ. ಅಮ್ಮನ ಫೋನು ಮಾತ್ರ ಬೋಳಾಗಿದೆಯೆಂದು ನಿನಗೆ ಬೇಸರ.

ಕವಾಸಾಕಿಯಿಂದ ಶಿನಾಗಾವಾಕ್ಕೆ ಹೋಗುವ ಬೆಳಗಿನ ರೈಲು ನಿನಗೆ ಗೊತ್ತಲ್ಲ — ಅಷ್ಟು ಜನ, ಒಂದು ಮಾತಿಲ್ಲ. ಕೂತವರೂ ನಿದ್ದೆಯಲ್ಲಿ, ನಿಂತವರೂ ನಿದ್ದೆಯಲ್ಲಿ. ತಮಾ ನದಿಯ ಸೇತುವೆ ಬಂದರೆ ಬೆಳಕು ಒಳಗೆ ತುಂಬಿಕೊಂಡು, ಎಲ್ಲರ ಫೋನಿನ ಗೊಂಬೆಗಳು ಒಟ್ಟಿಗೆ ಎಡಕ್ಕೆ ವಾಲಿ, ಒಟ್ಟಿಗೆ ಬಲಕ್ಕೆ ವಾಲಿ... ಕನಸೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಆ ಮೌನದಲ್ಲಿ ಮೊದಮೊದಲು ನನ್ನ ಇಡ್ಲಿ ಘಲ್ ಎನ್ನುತ್ತಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ, ಕೇಳಿಸಿಯೂ ಬೇಕೆಂದೇ ನೋಡುತ್ತಿಲ್ಲವೆನಿಸಿ ಅದೇ ನನಗೆ ಚುಚ್ಚುತ್ತಿತ್ತು. ವರ್ಷಗಟ್ಟಲೆ ಮನೆಯಲ್ಲಿದ್ದು ಸಿಕ್ಕ ಕೆಲಸ, ಹರಕು ಮುರುಕು ಜಪಾನಿ. ಯಾರ ಕಣ್ಣಿಗೂ ಬೀಳದೆ ಇರಬೇಕೆಂಬ ಹುಚ್ಚು ನನಗೆ. ಹಾಗಾಗಿ ಆಮೇಲೆ ಮನೆಯ ರಸ್ತೆಯ ತಿರುವು ದಾಟಿದೊಡನೆ ಅದನ್ನು ಬಿಚ್ಚಿ ಕೋಟಿನ ಜೇಬಿಗೆ ಹಾಕುತ್ತಿದ್ದೆ. ಸಂಜೆ ಬಾಗಿಲ ಬಳಿ ನಿಂತು ಮತ್ತೆ ಕಟ್ಟುತ್ತಿದ್ದೆ.

ಒಂದು ಬೆಳಿಗ್ಗೆ ಶಿನಾಗಾವಾದಲ್ಲಿ ಇಳಿಯುವಾಗ ಅದು ಜೇಬಿನಿಂದ ಬಿತ್ತು. ಪಕ್ಕದಲ್ಲಿ ಆಫೀಸಿನ ನನ್ನ ಮೇಲಧಿಕಾರಿ ಮೋರಿ ಸಾನ್ ನಡೆಯುತ್ತಿದ್ದರು. ಹಿಂದಿನಿಂದ “ಸುಮಿಮಾಸೆನ್, ಸುಮಿಮಾಸೆನ್” — ಕ್ಷಮಿಸಿ, ಕ್ಷಮಿಸಿ — ಎನ್ನುತ್ತ ಶಾಲೆಯ ಹುಡುಗಿಯೊಬ್ಬಳು ಓಡಿಬಂದಳು — ತನ್ನ ರೈಲನ್ನೇ ಬಿಟ್ಟು. ಎರಡೂ ಅಂಗೈ ಜೋಡಿಸಿ ಹಿಡಿದಿದ್ದಳು ನಿನ್ನ ಇಡ್ಲಿಯನ್ನು. ಮೋರಿ ಸಾನ್ ಬಗ್ಗಿ ನೋಡಿದರು. ಏನೆಂದು ವಿವರಿಸಲಿ — ನಮ್ಮ ತಿಂಡಿ, ನನ್ನ ಮಗಳು, ಆ ಸೊಟ್ಟ ನಗು...

“ಅದು ನನ್ನದಲ್ಲ,” ಎಂದೆ ಜಪಾನಿಯಲ್ಲಿ. ಒಂದೂ ತಪ್ಪಿಲ್ಲದೆ ಬಂತು ಆ ವಾಕ್ಯ.

ನನ್ನ ಜೇಬಿನಿಂದ ಬಿದ್ದದ್ದನ್ನು ಅವಳು ಕಂಡಿದ್ದಳು. ಆದರೂ ನನಗೇ ಬಗ್ಗಿ ಕ್ಷಮೆ ಕೇಳಿದಳು. ಆಮೇಲೆ, ಕಳೆದುಕೊಂಡವರ ಕಣ್ಣಿಗೆ ಬೀಳಲೆಂದು ಇಲ್ಲಿಯವರು ಮಾಡುವಂತೆ, ಮೆಟ್ಟಿಲ ಕಂಬಿಗೆ ಅದನ್ನು ಜೋಪಾನವಾಗಿ ಸಿಕ್ಕಿಸಿ ಹೋದಳು.

ಸಂಜೆ ಅದು ಅಲ್ಲಿರಲಿಲ್ಲ. ನಿಲ್ದಾಣದವರು ಎತ್ತಿಟ್ಟಿರುತ್ತಾರೆ, ಕಳೆದ ವಸ್ತುಗಳ ಕೌಂಟರಿಗೆ ಹೋಗಿ ನನ್ನದು ಎಂದರೆ ಸಾಕಿತ್ತು. ಆದರೆ ಮನೆಗೆ ಹೊರಟಿದ್ದ ಮೋರಿ ಸಾನ್ ಅಲ್ಲೇ ನಿಂತಿದ್ದರು. ತಲೆ ತಗ್ಗಿಸಿ ದಾಟಿದೆ.

ಮನೆಯಲ್ಲಿ, ಇಡ್ಲಿ ಕಳೆದುಹೋಯಿತೆಂದಾಗ, ನೀನು ಅಳಲಿಲ್ಲ. ಅರ್ಧ ಜಪಾನಿಯಲ್ಲಿ ನನಗೇ ಸಮಾಧಾನ ಹೇಳಿದೆ: ಸ್ಟೇಷನ್‌ನಲ್ಲಿ ಕೇಳಮ್ಮ, ಇಲ್ಲಿ ಎಲ್ಲ ವಾಪಸ್ ಬರುತ್ತೆ. ನಿನ್ನ ಟೋಪಿ ಬಂದಿತ್ತು, ಕೊಡೆ ಬಂದಿತ್ತು, ಒಂಟಿ ಕೈಗವಸು ಕೂಡ ಬಂದಿತ್ತು. ಶನಿವಾರ ನಾನೂ ಬರ್ತೀನಿ, ಇಬ್ಬರೂ ಕೇಳೋಣ ಎಂದು ಹಟ ಹಿಡಿದೆ. ನನ್ನದಲ್ಲ ಎಂದಿದ್ದ ಜಾಗಕ್ಕೇ ನಿನ್ನನ್ನು ಕರೆದೊಯ್ಯಲು ಮುಖವಿರಲಿಲ್ಲ; ನಿನ್ನ ಬಾಯಿ ಮುಚ್ಚಿಸಬೇಕಿತ್ತು ನನಗೆ.

“ಯಾರೋ ಕದ್ದುಬಿಟ್ರು ಕಣೇ,” ಎಂದೆ. “ಜನಾನ ಅಷ್ಟೊಂದು ನಂಬಬಾರದು.”

ಮತ್ತೆ ನೀನು ಕೇಳಲಿಲ್ಲ. ಆದರೆ ರೈಲಿನಲ್ಲಿ ನನ್ನ ತೋಳಿಗೊರಗಿ ಬಾಯಿ ತೆರೆದು ಮಲಗುತ್ತಿದ್ದವಳು ಮಲಗುವುದನ್ನು ಬಿಟ್ಟೆ. ಚೀಲವನ್ನು ಎದೆಗವಚಿ, ಪಕ್ಕದವರ ಕೈ ನೋಡುತ್ತ ಕೂರುತ್ತಿದ್ದೆ. ಹುಡುಗಿ ಜಾಣೆಯಾದಳು ಎಂದರು ನಿನ್ನಪ್ಪ.

ಈಗ ನೀನು ಕೋಬೆಯಲ್ಲಿ ಓದುತ್ತಿದ್ದೀ. ಹೋದ ತಿಂಗಳು ಬಂದಾಗ ಕಾಫಿ ಅಂಗಡಿಗೆ ಹೋದೆವಲ್ಲ — ಅಲ್ಲಿ ಎಲ್ಲರೂ ಮೇಜಿನ ಮೇಲೆ ಫೋನು ಇಟ್ಟು ಜಾಗ ಹಿಡಿದು, ಕಾಫಿ ತರಲು ಹೋಗುತ್ತಿದ್ದರು. ನೀನು ಕರ್ಚೀಫನ್ನೂ ಬಿಡದೆ ಎತ್ತಿಕೊಂಡೆ. ಇರಲಿ ಬಿಡು, ಯಾರು ತಗೋತಾರೆ ಎಂದೆ ನಾನು.

“ನೀನೇ ಹೇಳಿದ್ದಲ್ವಾ ಅಮ್ಮಾ,” ಎಂದು ನಕ್ಕೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಈ ಊರನ್ನು ಹುಟ್ಟಿದಂದಿನಿಂದ ನಂಬಿದ್ದ ಮಗುವಿನಿಂದ ಆ ನಂಬಿಕೆಯನ್ನು ಕಿತ್ತುಕೊಂಡೆ — ಒಂದು ಚಿಕ್ಕ ನಾಚಿಕೆಗಾಗಿ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಹೇಡಿತನವೇ. ಕೇಳಿದರೆ ನಿನಗೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಭಾನುವಾರ ಕೋಬೆಗೆ ಬಂದು ನಿನ್ನೆದುರು ಕೂತು ಓದುತ್ತೇನೆ. ಆ ರೈಲಿನಲ್ಲಿ ನಂಬಬಾರದವಳು ಒಬ್ಬಳೇ ಇದ್ದಳು, ಪುಟ್ಟಿ. ನೀನು ನಂಬಿದ್ದು ಅವಳನ್ನು.