ಮೀಸೆಯಲ್ಲಿ ಕಟ್ಟಿದ ಗೂಡು

ಅದು ಅರವತ್ತೊಂದನೇ ಇಸವಿಯ ಬೇಸಿಗೆ. ಶಿಡ್ಲಘಟ್ಟದ ಸಂತೆ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕಿದ್ದರು. ನಮ್ಮೂರು ಅಲ್ಲಿಂದ ಮೂರು ಮೈಲಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದೆ. ಕೆಲಸ ಮುಗಿದದ್ದೇ ತಡ, ಸೈಕಲ್ ಹತ್ತಿ ಸಿನಿಮಾಕ್ಕೆ ಓಡುತ್ತಿದ್ದೆ. ಕಥೆಗಾಗಿ ಅಲ್ಲ, ಹಾಸ್ಯಕ್ಕಾಗಿ. ತೆಲುಗಾದರೂ ಸರಿ, ತಮಿಳಾದರೂ ಸರಿ, ಮಾತೇ ಇಲ್ಲದ ಹಳೆಯ ಇಂಗ್ಲಿಷ್ ಚಿತ್ರವಾದರೂ ಸರಿ. ನೆಲದ ಮೇಲೆ ಕೂತು ಪರದೆಗಿಂತ ಹೆಚ್ಚಾಗಿ ಜನರ ಮುಖ ನೋಡುತ್ತಿದ್ದೆ. ಎಲ್ಲಿ ನಗುತ್ತಾರೆ, ಎಲ್ಲಿ ನಗು ನಿಲ್ಲುತ್ತದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಂದು ಸಲ ಬಿದ್ದರೆ ಸ್ವಲ್ಪ ನಗು, ಅದೇ ಜಾಗದಲ್ಲಿ ಮೂರನೇ ಸಲ ಬಿದ್ದರೆ ಡೇರೆ ಹಾರಿಹೋಗುವಷ್ಟು ನಗು. ದೊಡ್ಡ ಹೊಟ್ಟೆಯವನು ಸಣ್ಣ ಇಲಿಗೆ ಹೆದರಬೇಕು. ಮಾತಿಗೆ ಮುಂಚೆ ಒಂದು ಗಳಿಗೆ ಸುಮ್ಮನಿರಬೇಕು. ಪುಸ್ತಕ ಭಂಡಾರದಲ್ಲಿ ಸಿಕ್ಕ ಹಾಸ್ಯ ಲೇಖನಗಳನ್ನೂ ಬಿಡುತ್ತಿರಲಿಲ್ಲ. ನಗೆಯ ಮಾತನ್ನು ವಾಕ್ಯದ ತುದಿಗೇ ಯಾಕೆ ಇಡುತ್ತಾರೆ ಅಂತ ಎರಡು ಪುಟ ಬರೆದಿದ್ದೆ! ನಗಿಸುವ ವಿದ್ಯೆ ಕೈಗೆ ಬಂತು ಅಂತಲೇ ತಿಳಿದಿದ್ದೆ.

ಆ ವರ್ಷ ನಮ್ಮೂರಿನ ಸ್ಕೂಲ್ ಡೇಗೆ ಹಳೆಯ ವಿದ್ಯಾರ್ಥಿಗಳಿಂದ ಒಂದು ನಾಟಕ ಆಡಿಸುವುದೆಂದು ಮೇಷ್ಟ್ರು ತೀರ್ಮಾನಿಸಿದರು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನವೇ ಆಟ. ರಾಜ, ಮಂತ್ರಿ ಎಲ್ಲ ಇರುವ ನಾಟಕ. ನನಗೆ ಹೊಟ್ಟೆಬಾಕ ದಫೇದಾರನ ಪಾತ್ರ ಸಿಕ್ಕಿತು.

ನಮ್ಮ ಪಕ್ಕದ ಮನೆ ಲಕ್ಷ್ಮಕ್ಕನದು. ಗಂಡ ತೀರಿಕೊಂಡ ಮೇಲೆ ಮಗಳು ಸುಬ್ಬಿಯನ್ನು ಕಟ್ಟಿಕೊಂಡು ರೇಷ್ಮೆ ಹುಳು ಸಾಕಿ ಬದುಕುತ್ತಿದ್ದಳು. ಆ ವರ್ಷ ಎರಡು ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗಿದ್ದವು. ಸುಣ್ಣದ ಕಡ್ಡಿಗಳ ಹಾಗೆ ಬಿಳಚಿ ಸೆಟೆದುಹೋದ ಹುಳುಗಳನ್ನು ಮೊರದಲ್ಲಿ ತುಂಬಿ ಸುಟ್ಟದ್ದನ್ನು ನಾನೇ ನೋಡಿದ್ದೆ. ಈಗ ಮೂರನೇ ಬೆಳೆ ಮನೆಯಲ್ಲಿತ್ತು. ಇದೂ ಕೈಬಿಟ್ಟರೆ ಮನೆ ಬಾಗಿಲು ಹಾಕಿಕೊಂಡು ಚಿಂತಾಮಣಿಯ ತಮ್ಮನ ಮನೆ ಸೇರುವುದೇ ಗತಿ ಅಂತ ನಮ್ಮಮ್ಮನ ಹತ್ತಿರ ಹೇಳಿದ್ದಳು. ಮೊದಲೆಲ್ಲ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ನಗುತ್ತಿದ್ದವಳು. ಈಗ ನಗುವುದೇ ನಿಂತುಹೋಗಿತ್ತು. ಲಕ್ಷ್ಮಕ್ಕ ನಕ್ಕರೆ ನಾನು ಪಾಸು ಅಂತ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡೆ.

"ಅಕ್ಕಾ, ಭಾನುವಾರ ನೀನು ಬರ್ಲೇಬೇಕು" ಅಂತ ಕರೆದೆ.

"ಹುಳ ಬಿಟ್ಟು ಎಲ್ಲಿಗೆ ಬರ್ಲೋ ಸೀನಪ್ಪ? ಇವತ್ತೋ ನಾಳೆಯೋ ಅಂತವೆ."

"ಸೋಮವಾರಕ್ಕೆ ಹಣ್ಣಾಗೋದು, ಆಮೇಲೇ ಗೂಡು ಕಟ್ಟೋದು ಅಂತ ನೀನೇ ಹೇಳ್ದೆ. ಒಂದು ಗಂಟೆ ಬಂದೋಗಕ್ಕ."

ಸುಬ್ಬಿಯನ್ನು ಮನೆಯಲ್ಲಿ ಕಾವಲಿಟ್ಟು ಅವಳು ಬಂದಳು. ನಾನು ಅವಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದೆ.

ಮೇಷ್ಟ್ರು ನನ್ನ ಹೊಟ್ಟೆಗೆ ದಿಂಬು ಕಟ್ಟಿ, ಜಾರಬಾರದೆಂದು ಅಂಗಿಯ ಬೆನ್ನನ್ನು ದಬ್ಬಳದಲ್ಲಿ ಹೊಲಿದುಬಿಟ್ಟಿದ್ದರು. ಕುರಿಯ ಉಣ್ಣೆಯಿಂದ ಮಾಡಿದ ಗಿರಿಜಾ ಮೀಸೆಯನ್ನು ಅಂಟು ಹಾಕಿ ಮೆತ್ತಿದ್ದರು. ಮುಖದ ತುಂಬ ಘಮಘಮ ಪೌಡರು.

ಸ್ಟೇಜಿಗೆ ಬಂದೆ. ಲೆಕ್ಕದ ಪ್ರಕಾರ ಒಂದು ಗಳಿಗೆ ಸುಮ್ಮನೆ ನಿಂತೆ. "ಮಾತು ಮರ್ತೋಯ್ತು ಪಾಪ" ಅಂತ ಯಾರೋ ಪಿಸುಗುಟ್ಟಿದರು. ಕಾಲು ಎಡವಿ ಬಿದ್ದೆ. ಯಾರೂ ನಗಲಿಲ್ಲ. ಎರಡನೇ ಸಲ ಬಿದ್ದೆ. ಮೂರನೇ ಸಲ ಬಿದ್ದಾಗ ನಮ್ಮ ದೊಡ್ಡಪ್ಪ ಎದ್ದು ನಿಂತು, "ಲೋ, ನಮ್ಮ ನರಸಪ್ಪನ ಮಗನಿಗೆ ಏನೋ ಆಗೈತೆ, ನೀರು ತಗೊಂಡ್ ಬರ್ರೋ!" ಅಂತ ಕೂಗಿದರು. ಒಬ್ಬಳು ಅಜ್ಜಿ ಸ್ಟೇಜಿನ ಹತ್ತಿರ ಬಂದು, "ಮಂಡಿ ಕಿತ್ತೋಯ್ತೇನಪ್ಪಾ?" ಅಂತ ಮುಟ್ಟಿ ನೋಡಿದಳು. ಲಕ್ಷ್ಮಕ್ಕ ಸೆರಗು ಬಾಯಿಗಿಟ್ಟುಕೊಂಡು ಗಾಬರಿಯಿಂದ ನೋಡುತ್ತಿದ್ದಳು. ಸಿನಿಮಾದಲ್ಲಿ ಬೀಳುವವನು ಯಾರ ಮನೆಯವನೂ ಅಲ್ಲ. ಇಲ್ಲಿ ಬಿದ್ದವನು ಇವರ ಕಣ್ಣೆದುರೇ ಬೆಳೆದ ಹುಡುಗ. ಈ ವಿಷಯ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ನಾಚಿಕೆಯಿಂದ ಪೌಡರಿನ ಒಳಗೇ ಬೆವತುಹೋದೆ.

ಅಷ್ಟರಲ್ಲಿ ಸುಬ್ಬಿ ಓಡಿಬಂದಳು. "ಅಮ್ಮಾ, ಹುಳ ಹಣ್ಣಾಗ್‌ಬಿಟ್ವು! ತಟ್ಟೆ ಅಂಚಿಗೆಲ್ಲ ಹತ್ತುತವೆ!"

ಆ ದಿನದ ಬಿಸಿಲಿಗೆ ಒಂದು ದಿನ ಮುಂಚೆಯೇ ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಆರಿಸಿ, ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅದರ ಸುರುಳಿಗಳ ನಡುವೆ ಅದು ಗೂಡು ಕಟ್ಟುತ್ತದೆ. ತಡವಾದರೆ ತಟ್ಟೆಯಲ್ಲೇ ಅಲೆದು, ನೂಲನ್ನೆಲ್ಲ ಸಿಕ್ಕಸಿಕ್ಕಲ್ಲಿ ಸುರಿದುಬಿಡುತ್ತದೆ. ನಮ್ಮ ಕಡೆ ಯಾರ ಮನೆಯಲ್ಲಿ ಹುಳು ಹಣ್ಣಾದರೂ ಬೀದಿಗೆ ಬೀದಿಯೇ ಹೋಗುತ್ತದೆ, ಕರೆಯಲು ಬರಲಿ ಅಂತ ಯಾರೂ ಕಾಯುವುದಿಲ್ಲ. ಚಾಪೆಗಳು ಕ್ಷಣದಲ್ಲಿ ಖಾಲಿಯಾದವು. ಸಿಂಹಾಸನದ ಮೇಲಿದ್ದ ರಾಜ ಕಿರೀಟ ತೆಗೆದು ಮೇಷ್ಟ್ರ ಕೈಗೆ ಕೊಟ್ಟು, "ಸಾರ್, ಬಂದ್ಬಿಡ್ತೀನಿ" ಅಂತ ಓಡಿದ. ನಾನೂ ಹೊಟ್ಟೆ ಹಿಡಿದುಕೊಂಡು ಓಡಿದೆ.

ಬಾಗಿಲಲ್ಲಿ ಲಕ್ಷ್ಮಕ್ಕ ತಡೆದಳು. "ಏಮಿರಾ ಇದಿ? ಪೌಡರ್ ವಾಸ್ನೆ ಇಟ್ಕೊಂಡು ಹುಳದ ಮನೆಗಾ? ತೊಳ್ಕೊಂಡ್ ಬಾ ಹೋಗು."

ವಾಸನೆ ಹುಳುಗಳಿಗೆ ಆಗದು. ನಶ್ಯ ಹಾಕುವ ಮೇಷ್ಟ್ರು ತಾವಾಗಿಯೇ ಹೊರಗಡೆ ನಿಂತು ಚಂದ್ರಿಕೆಗಳನ್ನು ಗೋಡೆಗೆ ಒರಗಿಸುತ್ತಿದ್ದರು. ತೊಟ್ಟಿಯ ಹತ್ತಿರ ಬೂದಿ ಹಾಕಿ ಮುಖ ಉಜ್ಜಿದೆ. ಪೌಡರು ಹೋಯಿತು, ಮೀಸೆ ಹೋಗಲಿಲ್ಲ. ದಿಂಬು ಬಿಚ್ಚಬೇಕಾದರೆ ಬೆನ್ನಿನ ಹೊಲಿಗೆ ಕತ್ತರಿಸಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಹಾಗೇ ಒಳಗೆ ಹೋದೆ.

ಹುಳು ಸಾಕುವ ಬಿದಿರು ತಟ್ಟೆಗಳ ಸಾಲಿನ ನಡುವೆ ಒಂದೇ ಆಳು ಹೋಗುವಷ್ಟು ಜಾಗ. ನನ್ನ ಹೊಟ್ಟೆ ಎಲ್ಲಿ ತಟ್ಟೆಗೆ ತಗಲುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು. ಎರಡು ಕೈಯಲ್ಲೂ ದಿಂಬನ್ನು ಒತ್ತಿ ಹಿಡಿದು, ಉಸಿರು ಕಟ್ಟಿ ಅಡ್ಡಡ್ಡ ನಡೆದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ನನಗೂ ನಾಟಕ, ನೋಟ್‌ಬುಕ್ಕು ಎಲ್ಲ ಮರೆತೇಹೋಗಿತ್ತು. ಈ ಸಲ ಒಂದು ಹುಳುವೂ ಹಾಳಾಗಬಾರದು, ಅಷ್ಟೇ.

ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಕಾಣುತ್ತದೆ. ಒಳಗೆ ಮಬ್ಬಿತ್ತು. ಒಂದೊಂದನ್ನೇ ಎತ್ತಿ, ಕಿಟಕಿಯ ಕಡೆ ತಿರುಗಿ, ಮೂಗಿನ ಹತ್ತಿರ ತಂದು ನೋಡುತ್ತಿದ್ದೆ. ಹಾಗೆ ನೋಡುವಾಗ ಒಂದು ಹುಳು ನನ್ನ ಮೀಸೆಗೆ ಹತ್ತಿಕೊಂಡಿತು. ಉಣ್ಣೆಯ ಸಂದಿ ಅದಕ್ಕೆ ಹಿಡಿಸಿರಬೇಕು, ತಲೆಯನ್ನು ಅತ್ತ ಇತ್ತ ಆಡಿಸಿ ನೂಲು ಬಿಡಲು ಶುರುಮಾಡಿತು. ಕಿತ್ತರೆ ಸತ್ತೀತು. ಅಲುಗಾಡಿದರೆ ಬಿದ್ದೀತು. ಹಲ್ಲು ಕಚ್ಚಿ, ತುಟಿ ಅಲ್ಲಾಡಿಸದೆ ಕರೆದೆ. "ಅಕ್ಕಾ... ಸ್ವಲ್ಪ ಬಾ... ಮೆಲ್ಲಗೆ..."

ಲಕ್ಷ್ಮಕ್ಕ ತಟ್ಟೆಯಿಂದ ತಲೆ ಎತ್ತಿದಳು.

"ಏನಾಯ್ತೋ?"

"ಒಂದು ಇಲ್ಲೇ ಕಟ್ತಾ ಐತೆ. ಏನ್ಮಾಡ್ಲಿ?"

ಅವಳು ನನ್ನನ್ನೇ ದಿಟ್ಟಿಸಿದಳು. ದಿಂಬಿನ ಹೊಟ್ಟೆ, ಬೂದಿ ಮೆತ್ತಿದ ಕೆನ್ನೆ, ಮೂಗಿನ ಕೆಳಗೆ ತನ್ನ ಪಾಡಿಗೆ ಮನೆ ಕಟ್ಟುತ್ತಿರುವ ಹುಳು, ಅದನ್ನು ಕಾಯುತ್ತಾ ಸೆಟೆದು ನಿಂತ ನಾನು. ಮೊದಲು ಅವಳ ಹೆಗಲು ಅಲುಗಿತು. ಆಮೇಲೆ ಬಂತು ನಗು, ಅದೇ ಹಳೆಯ, ಬೀದಿಗೆ ಕೇಳುವ ನಗು!

"ಅಯ್ಯೋ, ಅಲ್ಲಾಡ್ಬೇಡ್ವೋ! ನನ್ನ ಬೆಳೆ ಅದು!" ಅಂತ ನಗುತ್ತಲೇ ಗದರಿದಳು.

"ದಫೇದಾರ್ರು ಡ್ಯೂಟಿ ಮೇಲವ್ರೆ!" ಅಂತ ರಾಜ ಕೂಗಿದ. ಇಡೀ ಮನೆ ನಕ್ಕಿತು. ಹೊರಗಿದ್ದ ಮೇಷ್ಟ್ರು ಏನು ಏನು ಅಂತ ಕಿಟಕಿಯಲ್ಲಿ ಇಣುಕಿ, ಅವರೂ ನಕ್ಕರು. ನಾನೊಬ್ಬನೇ ನಗುವ ಹಾಗಿರಲಿಲ್ಲ.

ಲಕ್ಷ್ಮಕ್ಕ ಎಣ್ಣೆ ಅದ್ದಿದ ಬೆರಳಿನಿಂದ ಅಂಟನ್ನು ನಿಧಾನವಾಗಿ ಬಿಡಿಸಿ, ಮೀಸೆಯನ್ನು ಹುಳು ಸಮೇತ ಚಂದ್ರಿಕೆಗೆ ಸಿಕ್ಕಿಸಿದಳು. ಸಂಜೆ ಹೊತ್ತಿಗೆ ತಟ್ಟೆಗಳೆಲ್ಲ ಖಾಲಿ. ಆ ಬೆಳೆ ಉಳಿಯಿತು. ಲಕ್ಷ್ಮಕ್ಕ ಚಿಂತಾಮಣಿಗೆ ಹೋಗಲಿಲ್ಲ.

ಗೂಡು ಬಿಡಿಸಿದ ದಿನ ಮೀಸೆಯನ್ನು ತಂದು ನನ್ನ ಕೈಗಿಟ್ಟಳು. ಉಣ್ಣೆಯ ನಡುವೆ ಹಳದಿ ಗೂಡೊಂದು ಗಟ್ಟಿಯಾಗಿ ಕೂತಿತ್ತು. "ಇದೊಂದನ್ನ ಸಂತೆಗೆ ಹಾಕಲ್ಲ ಕಣೋ. ನಿನ್ನ ನಾಟಕದ್ದು" ಅಂದಳು.

ಆ ರಾತ್ರಿಯೇ ಬರೆಯೋಣವೆಂದು ನೋಟ್‌ಬುಕ್ಕು ತೆಗೆದೆ. ನಗಿಸಬೇಕೆಂದು ಮೂರು ಸಲ ಬಿದ್ದಾಗ ಜನ ಮರುಗಿದರು. ನಗಿಸುವುದನ್ನೇ ಮರೆತು ಒಂದು ಹುಳುವಿಗಾಗಿ ಉಸಿರು ಹಿಡಿದು ನಿಂತಾಗ ನಕ್ಕರು. ಆ ನಗುವಿನಲ್ಲಿ ನನ್ನನ್ನು ಹೀಯಾಳಿಸುವುದು ಒಂದಿಷ್ಟೂ ಇರಲಿಲ್ಲ. ಇದನ್ನು ಯಾವ ನಿಯಮದ ಕೆಳಗೆ ಬರೆಯಬೇಕೋ ತಿಳಿಯದೆ ಪುಟವನ್ನು ಖಾಲಿ ಬಿಟ್ಟೆ.

ಮೀಸೆ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಒಳಗಿನ ಹುಳು ಸಾಯಲೆಂದು ಎಲ್ಲ ಗೂಡುಗಳನ್ನು ಬಿಸಿಲಿಗೆ ಹಾಕುತ್ತಾರೆ, ಇದನ್ನು ಹಾಕದ್ದರಿಂದ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬಂದಿತ್ತು. ನೂಲು ತೆಗೆಯುವವರಿಗೆ ಅದರಿಂದ ಪ್ರಯೋಜನವಿಲ್ಲ. ಈಗಲೂ ಸಿನಿಮಾಕ್ಕೆ ಹೋಗುತ್ತೇನೆ, ಆದರೆ ಬೀಳುವುದನ್ನು ಎಣಿಸುವುದಿಲ್ಲ. ಬಿದ್ದವನು ಬೀಳುವ ಮುಂಚೆ ಏನನ್ನು ಕಾಪಾಡಲು ಹೊರಟಿದ್ದ ಅಂತ ನೋಡುತ್ತೇನೆ. ಪಕ್ಕದ ಮನೆಯಿಂದ ನಗು ಕೇಳಿಬಂದಾಗಲೆಲ್ಲ ನನ್ನ ಕೈ ತಾನಾಗಿಯೇ ಮೂಗಿನ ಕೆಳಗೆ ಹೋಗುತ್ತದೆ.