ಕಟ್ಟಿ ತೋರಿಸಿ ಎಂದ ಕಮಲಾಬಾಯಿ

ವಾಗ್ದೇವಿಗೆ, ನನಗೆ ಅಕ್ಷರ ತಿದ್ದಿಸಿದ ಗುರುಗಳಿಗೆ, ಇಳಿವಯಸ್ಸಿನಲ್ಲಿ ನನ್ನನ್ನು ಸಲಹಿದ ವಡೋದರೆಯ ಮಣ್ಣಿಗೆ ಮೊದಲು ಕೈಮುಗಿಯುತ್ತೇನೆ. ಅನಂತರ, ನನ್ನ ತಿಳಿವನ್ನು ಕಲಕಿ ಹಾಗೆಯೇ ಬಿಟ್ಟುಹೋದ ಕಮಲಾಬಾಯಿಯವರಿಗೆ. ಆ ಕಲಕು ಇಂದಿಗೂ ತಿಳಿಯಾಗಿಲ್ಲ. ಕೃತಜ್ಞತೆಗೆ ಅದು ಅಡ್ಡಿಯೂ ಆಗಿಲ್ಲ.

ಕಮಲಾಬಾಯಿ ಕಪ್ಪುಹಲಗೆಯ ಮೇಲಿನ ತಪ್ಪನ್ನು ಅಳಿಸುತ್ತಿರಲಿಲ್ಲ. ಯಾವುದಾದರೂ ಮಗು ಏಳೆಂಟಲ ಐವತ್ತನಾಲ್ಕು ಎಂದು ಬರೆದರೆ, ಆ ಅಂಕೆಯ ಸುತ್ತ ಸೀಮೆಸುಣ್ಣದಿಂದ ಒಂದು ಚೌಕ ಎಳೆದು, "ಇದನ್ನ ಹ್ಯಾಂಗ ಕಟ್ಟಿದಿ, ತೋರಸು" ಎನ್ನುತ್ತಿದ್ದರು. ಮಗು ತಡವರಿಸುತ್ತ ವಿವರಿಸುವಷ್ಟು ಹೊತ್ತೂ ಆ ತಪ್ಪು ಅತಿಥಿಯಂತೆ ಹಲಗೆಯ ಮೇಲೆ ಕುಳಿತಿರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಮೈಸೂರಿನ ಪಾಠಶಾಲೆಯಲ್ಲಿ ತರ್ಕ, ವ್ಯಾಕರಣಗಳನ್ನು ಬೋಧಿಸಿ ನಿವೃತ್ತನಾದ ನಾನು, ವಡೋದರೆಯ ಪಕ್ಕದ ಕೊಯಾಲಿಯ ಟೌನ್‌ಶಿಪ್ಪಿನಲ್ಲಿದ್ದ ಮಗನ ಮನೆಗೆ ಬಂದು ನೆಲೆಸಿದ್ದೆ. ಭಾನುವಾರಗಳಂದು ಅಲ್ಲಿನ ಸಭಾಭವನದ ಒಂದು ಕೋಣೆಯಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಹನ್ನೆರಡಿದ್ದ ಮಕ್ಕಳು ಐದಕ್ಕೆ ಇಳಿದಾಗ ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿಗಳು ವಿನಯದಿಂದಲೇ ಒಂದು ಮಾತು ಹೇಳಿದರು: ರಾಜ್ಯೋತ್ಸವದಂದು ಮಕ್ಕಳು ಪ್ರಾರ್ಥನೆಯನ್ನು ಚೆನ್ನಾಗಿ ನಡೆಸಿಕೊಟ್ಟರೆ ತರಗತಿ ಉಳಿಯುತ್ತದೆ, ಇಲ್ಲವಾದರೆ ಕೋಣೆಯನ್ನು ಬೇರೆಯವರು ಕೇಳುತ್ತಿದ್ದಾರೆ. ಆಗ ನೆರವಿಗೆ ಬಂದವರು ಕಮಲಾಬಾಯಿ. ಧಾರವಾಡದವರು, ಪತಿ ಬ್ಯಾಂಕಿನಲ್ಲಿ, ತಾವು ನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಅಧ್ಯಾಪಕಿ. ನಮ್ಮ ಕೋಣೆಯಲ್ಲಿ ಅವರು ಮಗ್ಗಿಯನ್ನೂ ಕನ್ನಡದಲ್ಲೇ ಹೇಳಿಸತೊಡಗಿದರು.

ತಮ್ಮದು ರಚನಾವಾದ ಎಂದು ಅವರು ಮೊದಲ ದಿನವೇ ತಿಳಿಸಿದರು. ಅರಿವನ್ನು ಗುರು ಕೊಡಲಾರ, ಮಗು ತಾನೇ ಕಟ್ಟಿಕೊಳ್ಳಬೇಕು ಎಂಬುದು ಅದರ ಸಾರವೆಂದು ನಾನು ಗ್ರಹಿಸಿದೆ. ಮರುವಾರ ನನ್ನನ್ನು ನಗರದ ಚಿತ್ರಕಲಾಶಾಲೆಯ ಅಂಗಳಕ್ಕೆ ಕರೆದೊಯ್ದು, ತಗಡು, ತಂತಿ, ಗಾಜುಗಳನ್ನು ಬಿಗಿದು ನಿಲ್ಲಿಸಿದ್ದ ಒಂದು ಆಕೃತಿಯನ್ನು ತೋರಿಸಿ, ಇದೂ ರಚನಾವಾದವೇ ಎಂದರು. ಯಾವ ದೇವತೆಯ ರೂಪವಿದು ಎಂದು ನಾನು ಕೇಳಿದೆ. ಯಾವುದರ ರೂಪವೂ ಅಲ್ಲ, ಕಟ್ಟಿದ್ದೇ ಅದರ ಅರ್ಥ ಎಂಬ ಉತ್ತರ ಬಂದಿತು. ಮುಖವಿಲ್ಲದ ಅದಕ್ಕೆ, ಅಭ್ಯಾಸಬಲದಿಂದ, ನಾನು ಚಪ್ಪಲಿ ಕಳಚಿಯೇ ಪ್ರದಕ್ಷಿಣೆ ಬಂದೆ. ಕಮಲಾಬಾಯಿ ನಗಲಿಲ್ಲ, ತಾವೂ ಚಪ್ಪಲಿ ಕಳಚಿದರು.

ಗಣಿತದಲ್ಲೂ ಒಂದು ರಚನಾವಾದವಿದೆಯಂತೆ, ಅದರ ವಿಷಯದಲ್ಲಿ ಮಾತ್ರ ನಮಗೆ ವಾದವೇ ನಡೆಯಿತು. ಅಭಾವದ ಅಭಾವವು ಭಾವವೇ, ಎಂದರೆ ಇಲ್ಲವೆಂಬುದು ಸುಳ್ಳಾದರೆ ಇದೆಯೆಂದೇ ಅರ್ಥ, ಎನ್ನುತ್ತದೆ ನಾನು ಓದಿದ ನ್ಯಾಯಶಾಸ್ತ್ರ. ಅವರು ಅಲ್ಲವೆಂದು ತಲೆಯಾಡಿಸಿದರು.

"ಇಲ್ಲ ಅನ್ನೂದು ಸುಳ್ಳಂತ ತೋರಿಸಿದ್ರ, ಅದ ಅಂತ ತೋರಿಸಿದಂಗ ಆಗೂದಿಲ್ರಿ ಶಾಸ್ತ್ರಿಗಳ. ಅದ ಅಂದ್ರ ಕಟ್ಟಿ ತೋರಸ್ರಿ."

"ಹಾಗಾದರೆ ಭಗವಂತನನ್ನೂ ಕಟ್ಟಿ ತೋರಿಸಬೇಕೇನಮ್ಮ?" ಎಂದೆ, ತುಸು ಬಿರುಸಾಗಿಯೇ.

ಅವರು ಕೈಯ ಸೀಮೆಸುಣ್ಣವನ್ನು ಕೆಳಗಿಟ್ಟರು. "ನನ್ನ ಕೈಲೆ ಆಗೂದಿಲ್ರಿ. ಹಂಗಂತ ಇಲ್ಲ ಅನ್ನಾಕೂ ನನಗ ಅಧಿಕಾರ ಇಲ್ಲ."

ಲೋಕವನ್ನು ನಾವು ಅರಿಯುವುದು ಮನಸ್ಸು ಕಟ್ಟಿಕೊಂಡ ಚೌಕಟ್ಟಿನೊಳಗೇ ಎನ್ನುವ ದಾರ್ಶನಿಕರೂ ಉಂಟೆಂದು, ಅವರ ಮತಕ್ಕೂ ಇದೇ ಹೆಸರೆಂದು ಅವರು ಅಂದೇ ಹೇಳಿದರು. ಪಾಠ, ಕಲೆ, ಗಣಿತ, ದರ್ಶನ ಹೀಗೆ ನಾಲ್ಕು ಕಡೆ ಒಂದೇ ಹೆಸರಿದ್ದರೆ ಮೂಲವೂ ಒಂದೇ ಇರಬೇಕೆಂದು ನಂಬಿ, ನಮ್ಮ ಪದ್ಧತಿಯಂತೆ ಸಮನ್ವಯಭಾಷ್ಯವೊಂದನ್ನು ಬರೆಯಲು ಕುಳಿತೆ. ಮೂವತ್ತು ಪುಟಗಳಾದವು. ಅವರು ಶ್ರದ್ಧೆಯಿಂದ ಓದಿ, ಈ ನಾಲ್ಕು ಪಂಥದವರೂ ಒಬ್ಬರನ್ನೊಬ್ಬರು ಸರಿಯಾಗಿ ಬಲ್ಲವರೇ ಅಲ್ಲವೆಂದು ಮೆಲ್ಲನೆ ತಿಳಿಸಿದರು. ಇಲ್ಲದ ಮೂಲಪುರುಷನಿಗೆ ನಾನು ಮಂಗಳಶ್ಲೋಕವನ್ನೂ ರಚಿಸಿಬಿಟ್ಟಿದ್ದೆ.

ರಾಜ್ಯೋತ್ಸವ ಹತ್ತಿರವಾಯಿತು. ನಾನು ಕಲಿಸಿದ ಶಾರದಾಸ್ತುತಿಯನ್ನು ಮಕ್ಕಳು ಗಿಳಿಗಳಂತೆ ಒಪ್ಪಿಸುತ್ತಿದ್ದರು. ಕಮಲಾಬಾಯಿಯ ಬೇಡಿಕೆ ಬೇರೆ: ಪ್ರಾರ್ಥನೆಯನ್ನು ಮಕ್ಕಳೇ ಕಟ್ಟಲಿ. ಪ್ರಾರ್ಥನೆ ಪರಂಪರೆಯಿಂದ ಬರುವುದೇ ಹೊರತು ಕಟ್ಟುವಂಥದಲ್ಲ ಎಂದು ನಾನು ಖಂಡಿಸಿದೆ. ಅವರು ವಾದಿಸಲಿಲ್ಲ. ಎಂಟು ವರ್ಷದ ನಿವೇದಿತಾಳನ್ನು ನನ್ನೆದುರು ನಿಲ್ಲಿಸಿದರು. ಅವಳು ಕಣ್ಣು ಮುಚ್ಚಿ ಹೇಳಿದಳು:

"ದೇವರೇ, ಅಜ್ಜಿ ಫೋನಲ್ಲಿ ತುಂಬಾ ಮಾತಾಡ್ತಾಳೆ. ನಾನು ಸಿರ್ಫ್ ಹ್ಞೂಂ ಹ್ಞೂಂ ಅಂತೀನಿ. ನನಗೆ ಥೋಡಾ ಕನ್ನಡ ಕೊಡು."

ರಾಜ್ಯೋತ್ಸವದ ಸಭೆಯಲ್ಲಿ ಸ್ತುತಿಯನ್ನು ನಾನೊಬ್ಬನೇ ಹೇಳಿ, ಮಕ್ಕಳನ್ನು ಅವರವರ ಮಾತಿಗೆ ಬಿಟ್ಟೆ. ಒಪ್ಪಿ ಬಿಟ್ಟೆನೆಂದರೆ ಸುಳ್ಳಾದೀತು. ತಡೆಯಲು ಬಾಯಿ ಬರಲಿಲ್ಲ, ಅಷ್ಟೆ. ಹಿಂದಿ, ಗುಜರಾತಿ ಬೆರೆತ ಆ ಹರಕು ಬೇಡಿಕೆಗಳನ್ನು ಕೇಳಿ ಕೆಲವರು ನಕ್ಕರು. ಒಬ್ಬ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾರ್ಯದರ್ಶಿಗಳು ನನ್ನ ಬಳಿ ಬಂದು, "ಶಾಸ್ತ್ರಿಗಳೇ, ನೀವಿದ್ದೂ ಹೀಗಾಯಿತಲ್ಲ" ಎಂದಷ್ಟೇ ಹೇಳಿ ಹೊರನಡೆದರು. ಕೋಣೆ ಹೋಯಿತು.

ನಗರದಲ್ಲಿದ್ದ ಕಮಲಾಬಾಯಿಯ ಮನೆಯ ಹಜಾರದಲ್ಲಿ ತರಗತಿ ಏಳು ತಿಂಗಳು ನಡೆಯಿತು. ಅಷ್ಟು ದೂರ ಬಸ್ಸಿನಲ್ಲಿ ಹೋಗುತ್ತಿದ್ದುದು ನಾನು, ನಿವೇದಿತಾ, ಮತ್ತೊಬ್ಬ ಹುಡುಗಿ. ಕಮಲಾಬಾಯಿಯ ಪತಿಗೆ ಸೂರತ್ತಿಗೆ ವರ್ಗವಾದಾಗ ಅದೂ ನಿಂತಿತು.

ಎರಡು ವರ್ಷಗಳ ಬಳಿಕ, ಅವರ ದೇಹಸ್ಥಿತಿ ಸರಿಯಿಲ್ಲವೆಂದು ತಿಳಿದು ಸೂರತ್ತಿನ ಅಡಾಜಣ್ ಬಡಾವಣೆಯಲ್ಲಿದ್ದ ಅವರ ಫ್ಲ್ಯಾಟಿಗೆ ಹೋದೆ. ಬಹಳ ಇಳಿದುಹೋಗಿದ್ದರು. ಚಹಾ ತಾವೇ ಮಾಡಿಕೊಟ್ಟರು. ಹೊರಡುವ ಮುನ್ನ, ಎದೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿದೆ: "ಅಂದು ನಾನು ಆ ಮಕ್ಕಳಿಗೆ ಅನ್ಯಾಯ ಮಾಡಿದೆನೇನಮ್ಮ? ಸ್ತುತಿಯನ್ನೇ ಹೇಳಿಸಿದ್ದರೆ ತರಗತಿಯಾದರೂ ಉಳಿಯುತ್ತಿತ್ತು."

"ಅನ್ಯಾಯ ಅಂತ ಇನ್ನೂ ಸಿದ್ಧ ಆಗಿಲ್ರಿ. ನ್ಯಾಯ ಅಂತನೂ ಆಗಿಲ್ಲ. ಆ ಹುಡುಗ್ಯಾರು ದೊಡ್ಡವರಾಗಲಿ, ತಡೀರಿ."

ತಡೆದು ನೋಡಲು ಅವರೇ ಉಳಿಯಲಿಲ್ಲ. ಮಳೆಗಾಲಕ್ಕೆ ಮೊದಲು ಅವರ ಪತಿಯಿಂದ ಕಾರ್ಡು ಬಂದಿತು. ಅದನ್ನು ಓದಿ ಸ್ನಾನಮಾಡಿ, ದೇವರ ಮುಂದೆ ಕುಳಿತೆ. ಬಾಯಿಗೆ ಬಂದ ಶ್ಲೋಕಗಳಲ್ಲೊಂದೂ ಅವರಿಗೆ ಹೊಂದುವಂತೆ ತೋರಲಿಲ್ಲ. ನನ್ನದೇ ಮಾತಿನಲ್ಲಿ ಹೇಳಲು ಹೊರಟರೆ, ಐವತ್ತು ವರ್ಷ ವ್ಯಾಕರಣ ಓದಿದವನಿಗೆ ಎರಡು ವಾಕ್ಯ ಕೂಡಿಬರಲಿಲ್ಲ. ಕೊನೆಗೆ, ಇವರನ್ನು ಚೆನ್ನಾಗಿಟ್ಟುಕೋ ಎಂದಿಷ್ಟೇ ಹೇಳಿ ಎದ್ದೆ. ಅದು ಪ್ರಾರ್ಥನೆಯೋ ಅಲ್ಲವೋ ಅರಿಯೆ.

ಅಂದು ಬೇಡಿಕೊಂಡ ಮಕ್ಕಳಿಗೆ, ನಕ್ಕವರಿಗೆ, ಕಣ್ಣೊರೆಸಿಕೊಂಡ ತಾಯಿಗೆ, ಎದ್ದುಹೋದ ಕಾರ್ಯದರ್ಶಿಗಳಿಗೂ ಶುಭವಾಗಲಿ. ಫೋನಿನ ಆ ತುದಿಯಲ್ಲಿ ಕಾದು ಕುಳಿತಿದ್ದ ಅಜ್ಜಿಗೆ ಎಲ್ಲರಿಗಿಂತ ಮೊದಲು.