ಮಾಮಾ ಇಟ್ಟುಹೋದ ಆರ್ಡರ್

ಮಾಮಾ ತೀರಿಕೊಂಡ ಹದಿನಾರನೆಯ ದಿನ ಮಧ್ಯಾಹ್ನ ಬ್ಯಾಡಗಿಯಿಂದ ಅಕ್ಕ ಫೋನ್ ಮಾಡಿದಳು. ನಾನು ರಾಣೆಬೆನ್ನೂರಿನ ನನ್ನ ಬೀಜದ ಅಂಗಡಿಯಲ್ಲಿದ್ದೆ.

"ತಮ್ಮಾ, ನಿಮ್ಮ ಮಾಮಾ ಏನೋ ಮಾರ್ಯಾರ," ಎಂದಳು. ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಅಂಗಡಿ ಮುಚ್ಚಿ ಬಸ್ ಹಿಡಿದೆ. ಮಾಮಾ ಎಂದರೆ ಅಕ್ಕನ ಗಂಡ, ಮೆಣಸಿನಕಾಯಿ ವ್ಯಾಪಾರಿ. ಕೊನೆಯ ಎರಡು ವರ್ಷ ಅವರಿಗೆ ಕ್ರಿಪ್ಟೊ ನಾಣ್ಯಗಳ ಹುಚ್ಚು ಹತ್ತಿತ್ತು. ಅದರಲ್ಲೂ ಕಚೇರಿಯಾಗಲಿ ಮ್ಯಾನೇಜರ್ ಆಗಲಿ ಇಲ್ಲದ, ಬರೀ ಪ್ರೋಗ್ರಾಮಿನ ಮೇಲೆ ನಡೆಯುವ ಎಕ್ಸ್‌ಚೇಂಜ್ ಎಂದರೆ ಪ್ರಾಣ. "ನಡುವ ದಲಾಲ ಇಲ್ಲೋ, ನನ್ನ ಮಾಲು ನನ್ನ ಕೈಯಾಗ ಇರತೈತಿ," ಎನ್ನುತ್ತಿದ್ದರು.

ಅವರ ಫೋನನ್ನು ಅಕ್ಕ ಅವರ ಫೋಟೊದ ಮುಂದೆ ಇಟ್ಟಿದ್ದಳು. ಮಾರಾಟ ಮುಗಿದಿದೆ ಎಂಬ ಸಂದೇಶ ಪರದೆಯ ಮೇಲೆ ಹಾಗೇ ಇತ್ತು. ಮಾರಾಟವಾದ ಹೊತ್ತಿಗೆ ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಫೋನಿನ ಪಿನ್ ಗೊತ್ತಿದ್ದವಳೂ ಅವಳೊಬ್ಬಳೇ. ಅವಳು ಅದನ್ನು ಮುಟ್ಟಿರಲಿಲ್ಲ.

ತೆರೆದು ನೋಡಿದಾಗ ತಿಳಿಯಿತು. ಇಂಥ ದರ ಬಂದರೆ ಇಷ್ಟು ಮಾರು ಎಂದು ಮಾಮಾ ಮೊದಲೇ ಆರ್ಡರ್ ಇಟ್ಟಿದ್ದರು. ದರ ಬಂತು, ಮಾರಾಟವಾಯಿತು. ಇವರು ಇನ್ನಿಲ್ಲ ಎಂದು ಹೇಳಲು ಆ ಎಕ್ಸ್‌ಚೇಂಜಿನಲ್ಲಿ ಯಾರೂ ಇರಲಿಲ್ಲ.

ಇದನ್ನು ಅಕ್ಕನಿಗೆ ಹೇಳುತ್ತಿರುವಾಗಲೇ ಫೋನ್ ನನ್ನ ಕೈಯಲ್ಲಿ ಗುರ್ ಎಂದಿತು. ಒಂದು ಜಾತಿಯ ನಾಣ್ಯವೆಲ್ಲ ಗೊತ್ತಿಲ್ಲದ ವಿಳಾಸಕ್ಕೆ ಹೋಗಿತ್ತು. ಪ್ರತಿಯಾಗಿ ಏನೂ ಬಂದಿರಲಿಲ್ಲ.

"ಇದೂ ಅವರ ಕೆಲಸ ಏನು?"

"ಅಲ್ಲಕ್ಕ. ಇದು ಬ್ಯಾರೆ ಯಾರೋ."

ತಮ್ಮ ನಾಣ್ಯ ತೆಗೆದುಕೊಳ್ಳಬಹುದೆಂದು ಮಾಮಾ ಬೇರೆ ಬೇರೆ ಸೈಟುಗಳಿಗೆ ಕೊಟ್ಟಿದ್ದ ಒಪ್ಪಿಗೆಗಳ ಪಟ್ಟಿ ತೆಗೆದೆ. ಯಾವಾಗಲೋ ಎಕ್ಸ್‌ಚೇಂಜಿನ ಹೆಸರನ್ನೇ ಹೋಲುವ ಒಂದು ನಕಲಿ ಸೈಟಿಗೆ ಅವರು ಹೂಂ ಒತ್ತಿದ್ದರು. ಎಷ್ಟು ಬೇಕಾದರೂ ತೆಗೆದುಕೋ ಎಂಬ ಒಪ್ಪಿಗೆ ಅದು. ಗಡುವು ಇರಲಿಲ್ಲ. ಕೊಟ್ಟವರು ಸತ್ತರೂ ಅದು ಸಾಯುವುದಿಲ್ಲ.

ಎಕ್ಸ್‌ಚೇಂಜಿನದೊಂದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ರದ್ದು ಮಾಡುತ್ತ ಹೋದೆ. ಪ್ರತಿ ಸಲವೂ ಪಿನ್ ಕೇಳಿತು, ಪ್ರತಿ ಸಲವೂ ಅಕ್ಕ ಒತ್ತಿದಳು. ಆಮೇಲೆ ಅವಳ ಫೋನಿನಲ್ಲಿ ನಾಣ್ಯ ಇಡಲು ಹೊಸ ವ್ಯಾಲೆಟ್ ಮಾಡಿದೆವು. ಅದರ ಕೀಲಿಯಾದ ಹನ್ನೆರಡು ಗುಟ್ಟಿನ ಪದಗಳನ್ನು ಅವಳು ಕಾಗದದ ಮೇಲೆ ಬರೆದುಕೊಳ್ಳುವಾಗ ನಾನು ಬಾಗಿಲ ಕಡೆ ತಿರುಗಿ ನಿಂತೆ. ಮೊದಲು ಚೂರು ಕಳಿಸಿ, ಮುಟ್ಟಿತೆಂದು ಖಾತ್ರಿಯಾದ ಮೇಲೆ ಉಳಿದದ್ದನ್ನು ದಾಟಿಸುತ್ತ ಹೋದೆವು.

ಕಡೆಗೆ ಮಾಮಾ ಇಟ್ಟಿದ್ದ ಇನ್ನೊಂದು ಆರ್ಡರ್ ಉಳಿಯಿತು. ಸಣ್ಣದು.

"ಇದೊಂದು ಇರಲಿ ಬಿಡೋ," ಎಂದಳು ಅಕ್ಕ. "ಅವರು ಖುದ್ದು ಇಟ್ಟಿದ್ದು."

ಅದಕ್ಕೆ ಬೇಕಾದಷ್ಟನ್ನೇ ಹಳೆಯ ವ್ಯಾಲೆಟ್ಟಿನಲ್ಲಿ ಬಿಟ್ಟು, ಎಕ್ಸ್‌ಚೇಂಜಿನ ಒಪ್ಪಿಗೆಯನ್ನೂ ಅಷ್ಟಕ್ಕೇ ಇಳಿಸಿದೆ. ಫೋನ್ ಆರಿದ್ದರೂ ಆ ಆರ್ಡರ್ ನಡೆಯುತ್ತದೆ ಎಂದು ತಿಳಿಸಿ ಹೇಳಿದೆ. ಆದರೂ ಅಕ್ಕ ದಿನಾ ಮಾಮಾನ ಫೋನನ್ನು ಚಾರ್ಜಿಗೆ ಹಾಕುತ್ತಾಳೆ. ಆ ದರ ಇನ್ನೂ ಬಂದಿಲ್ಲ.